ಧನುರ್ಮಾಸದ ಓಟಕ್ಕೆ ಏನು ತೊಡಬೇಕು

ಮೊಮ್ಮಗಳು ಪಲ್ಲವಿ ಮೊನ್ನೆ ಮಂಚದ ತುಂಬ ಬಟ್ಟೆ ಹರಡಿಕೊಂಡು ಕೂತಿದ್ದಳು. ಭಾನುವಾರ ಬೆಳಿಗ್ಗೆ ಅವಳಿಗೆ ಯಾವುದೋ ಓಟವಂತೆ. ಡಿಸೆಂಬರ್ ಚಳಿ, ದೇವನಹಳ್ಳಿ ಕಡೆಯ ಮಂಜು, ಅದಕ್ಕೆ ತಕ್ಕ ಉಡುಪು ಬೇಕು. ಮೈಗೆ ಅಂಟಿಕೊಳ್ಳುವ ಒಂದು ಅಂಗಿ. ಅದು ಬೆವರನ್ನು ಹೊರಗೆ ದಾಟಿಸುತ್ತದಂತೆ. ಅದರ ಮೇಲೆ ಬೆಚ್ಚಗಿಡುವ ಇನ್ನೊಂದು. ಅದರ ಮೇಲೆ ಗಾಳಿ ತಡೆಯುವ ಮೂರನೆಯದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಕೈಗೆ ಗವಸು, ಕಿವಿಗೆ ಪಟ್ಟಿ, ಹಣೆಗೆ ಕಟ್ಟಿಕೊಳ್ಳಲು ದೀಪ. ಮದುವೆ ಹೆಣ್ಣಿಗೂ ಇಷ್ಟು ಸಾಮಾನು ನಾನು ಕಂಡಿಲ್ಲ.

“ಅಜ್ಜಿ, ಮೇಲೆ ಹಾಕ್ಕೊಳ್ಳೋದು ಕಪ್ಪಾ, ಕೇಸರಿನಾ?” ಎಂದಳು.

“ಯಾರಿಗೂ ಕಾಣಬಾರದು ಅಂದ್ರೆ ಕಪ್ಪು.”

“ಕಾಣಬೇಕು ಅಜ್ಜಿ. ಕತ್ತಲಲ್ಲಿ ಗಾಡಿಯವರಿಗೆ ಕಾಣಲಿ ಅಂತಾನೇ ಈ ಬಣ್ಣ ಮಾಡಿರೋದು.”

ಕಾಣಲಿ ಅಂತ. ನಾನು ಸುಮ್ಮನೆ ಕೇಸರಿ ಬಣ್ಣದ್ದನ್ನು ಮುಟ್ಟಿ ನೋಡಿ ಎದ್ದು ಬಂದೆ. ಹೊಟ್ಟೆಕಿಚ್ಚೇ ಅಂತ ನೀವು ಕೇಳಬಹುದು. ಹೌದು, ಹೊಟ್ಟೆಕಿಚ್ಚೇ. ಎಪ್ಪತ್ತು ದಾಟಿದ ಮೇಲೆ ಮನುಷ್ಯ ಮಾಗುತ್ತಾನೆ ಎಂದು ಹೇಳುವವರೆಲ್ಲ ಮೂವತ್ತರ ಒಳಗಿನವರು. ನಾನು ಮಾಗಿಲ್ಲ. ಚಳಿಗಾಲ ಬಂತೆಂದರೆ ಮಂಡಿ ನೋವಿನ ಜೊತೆಗೆ ಈ ಕಹಿಯೂ ಎದ್ದು ಕೂರುತ್ತದೆ, ಎರಡಕ್ಕೂ ಮದ್ದಿಲ್ಲ.

ನಮ್ಮೂರು ದೇವನಹಳ್ಳಿ ತಾಲ್ಲೂಕಿನಲ್ಲಿ, ಬೆಂಗಳೂರು ರಸ್ತೆಯಿಂದ ಒಳಕ್ಕೆ. ಬಸ್ಸು ನಿಲ್ಲುತ್ತಿದ್ದ ಜಾಗಕ್ಕೆ ‘ಗೇಟು’ ಎನ್ನುತ್ತಿದ್ದರು, ಅಲ್ಲಿ ಗೇಟೂ ಇರಲಿಲ್ಲ, ಕಂಬವೂ ಇರಲಿಲ್ಲ. ಗೇಟಿನಿಂದ ಊರಿಗೆ ಬರುವ ದಾರಿಯಲ್ಲಿ ಒಂದು ಹುಣಸೆ ತೋಪು. ನಲ್ಲೂರಿನ ತೋಪು ಹೆಸರಾದದ್ದು, ಅದನ್ನು ನೋಡಲು ಈಗ ಜನ ಕಾರು ಮಾಡಿಕೊಂಡು ಬರುತ್ತಾರೆ. ನಮ್ಮದು ಹೆಸರಿಲ್ಲದ್ದು, ಹತ್ತಾರು ಮುದಿ ಮರಗಳು. ಒಳಗೆಲ್ಲ ಟೊಳ್ಳಾಗಿ ಒಂದೊಂದು ಪೊಟರೆಯಲ್ಲಿ ಆಳು ಕೂರಬಹುದಿತ್ತು. ತೋಪಿನ ಆಚೆ ಗೇಟಿನ ತನಕ, ಈಚೆ ಊರಿನ ತನಕ ರಾಗಿ ಹೊಲ. ರಾಗಿ ಕೊಯ್ದಾದ ಮೇಲೆ ಸಾಲುಸಾಲಾಗಿ ನಿಂತಿರುತ್ತಿದ್ದದ್ದು ಅವರೆ ಗಿಡ.

ಆ ಕಾಲದ ಚಳಿಯ ಮಾತು ಆಡುವಾಗ ನಮ್ಮ ಗಂಡಸರ ಮಾತೂ ಆಡಲೇಬೇಕು. ಚಳಿ ಅವರಿಗೆ ಯಾವಾಗಲೂ ತಲೆಯಿಂದ ಹತ್ತುತ್ತಿತ್ತು. ದೀಪಾವಳಿ ಕಳೆಯುವುದೇ ತಡ, ಊರ ಗಂಡಸರೆಲ್ಲ ಮಂಕಿ ಕ್ಯಾಪಿನೊಳಗೆ ಹೊಕ್ಕುಬಿಡುತ್ತಿದ್ದರು. ಕ್ಯಾಪಿಲ್ಲದವರು ಟವೆಲನ್ನು ಕಿವಿಯ ಮೇಲೆ ಬಿಗಿದು ಗಂಟು ಹಾಕಿ, ಮೊಣಕಾಲು ಬಿಟ್ಟುಕೊಂಡು ಬೀಡಿ ಸೇದುತ್ತ ಜಗಲಿಯಲ್ಲಿ ಕೂರುತ್ತಿದ್ದರು. ಹೆಂಗಸರಿಗೆ ಚಳಿ ಇರಲಿಲ್ಲ. ಇದ್ದರೂ ಅದು ಕಸ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟ ಮೇಲೆ. ಅಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು.

ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟರು. ಹೊಲ ಉಳಲು ಅಮ್ಮ ತನ್ನ ತಮ್ಮನನ್ನು ಕರೆಸಿಕೊಂಡಳು. ಅವನ ಹೆಸರು ನಂಜುಂಡ, ನನಗೆ ಸೋದರಮಾವ. ಮಾತು ಕಡಿಮೆ, ದುಡಿಮೆ ಹೆಚ್ಚು. ನಾನು ದೊಡ್ಡವಳಾದಾಗ ಹಸೆಯ ಮೇಲೆ ಕೂರಿಸಿ ಆರತಿ ಎತ್ತಿದ ಹೆಂಗಸರೇ, ಇನ್ನೇನು, ಮಾವನಿಗೆ ಕೊಡೋ ಹುಡುಗಿ ಎಂದು ನಗಾಡಿದರು. ನನ್ನನ್ನು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅವನನ್ನೂ ಯಾರೂ ಕೇಳಲಿಲ್ಲ. ಅಮ್ಮನ ಲೆಕ್ಕ ಸರಳವಾಗಿತ್ತು: ನಾನು ಬೇರೆ ಕಡೆ ಹೋದರೆ ತಮ್ಮನೂ ಬೇರೆ ಕಡೆ ಹೆಣ್ಣು ತಂದು ಬೇರೆ ಹೋಗುತ್ತಾನೆ, ಹೊಲ ಬೀಳು ಬೀಳುತ್ತದೆ. ಗಂಡಸಿಲ್ಲದ ಮನೆಯಲ್ಲಿ ನೇಗಿಲು ಹಿಡಿಯುವ ಕೈಯನ್ನು ಕಟ್ಟಿಹಾಕಲು ಅವಳ ಹತ್ತಿರ ಇದ್ದ ಹಗ್ಗ ನಾನೊಬ್ಬಳೇ.

ನಾನು ಓಡುವವಳೆಂದು ನನಗೇ ಗೊತ್ತಿರಲಿಲ್ಲ. ದೇವನಹಳ್ಳಿ ಹೈಸ್ಕೂಲಿಗೆ ದಿನಾ ತಡವಾಗುತ್ತಿತ್ತು, ದಿನಾ ಓಡುತ್ತಿದ್ದೆ, ಅಷ್ಟೆ. ತಡವಾಗಿ ಬಂದವರನ್ನು ಹಿಡಿದು ನಿಲ್ಲಿಸುವ ಕೆಲಸ ಸುಶೀಲಾ ಟೀಚರದ್ದು. ಅವರು ನಮ್ಮ ಡ್ರಿಲ್ ಟೀಚರು, ಬೆಂಗಳೂರಿನವರು, ದೇವನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀಟಿ ಊದುವ ಹೆಂಗಸನ್ನು ನಾವು ಅದೇ ಮೊದಲು ಕಂಡದ್ದು. ಒಂದು ದಿನ ಅವರು ನನ್ನನ್ನು ಗದರಿಸುವ ಬದಲು ಮೈದಾನಕ್ಕೆ ಕರೆದುಕೊಂಡು ಹೋಗಿ ದೊಡ್ಡ ಹುಡುಗಿಯರ ಜೊತೆ ಓಡಿಸಿದರು. ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಓಡಿದೆ. ತಿರುಗಿ ನೋಡಿದಾಗ ಹತ್ತಿರದಲ್ಲಿ ಯಾರೂ ಇರಲಿಲ್ಲ. ಏನೋ ತಪ್ಪು ಮಾಡಿದೆನೆಂದು ನಿಂತುಬಿಟ್ಟೆ.

ಅದಾದ ವಾರಕ್ಕೆ ಟೀಚರು ನಮ್ಮ ಮನೆಗೇ ಬಂದರು. ಅಮ್ಮ ಚಾಪೆ ಹಾಸಿ ಕಾಫಿ ಕೊಟ್ಟಳು. ಮಾವ ಹಿತ್ತಿಲ ಬಾಗಿಲಲ್ಲಿ ಕುಡುಗೋಲು ಮಸೆಯುತ್ತ ಕೂತಿದ್ದ.

“ನೋಡಿಮ್ಮಾ, ಸಂಕ್ರಾಂತಿ ಹಿಂದಿನ ದಿನ ಬೆಂಗಳೂರಲ್ಲಿ ಆಯ್ಕೆ ಇದೆ,” ಎಂದರು ಟೀಚರು. “ಅಲ್ಲಿ ಮೊದಲು ಬಂದರೆ ಹಾಸ್ಟೆಲು, ಊಟ, ಓದು ಎಲ್ಲಾ ಅವರೇ ನೋಡ್ಕೋತಾರೆ. ಆಮೇಲೆ ನನ್ನ ಥರ ಟೀಚರ್ ಆಗ್ತಾಳೆ. ಇವಳು ಮೊದಲು ಬರ್ತಾಳೆ, ನಾನು ಹೇಳ್ತೀನಿ. ಆದರೆ ದಿನಾ ಬೆಳಿಗ್ಗೆ ಓಡಬೇಕು.”

“ನೋಡಾಣ ಬಿಡಿ ಟೀಚರಮ್ಮಾ,” ಎಂದಳು ಅಮ್ಮ.

ನಮ್ಮ ಮನೆಯಲ್ಲಿ ‘ನೋಡಾಣ’ ಎಂದರೆ ಇಲ್ಲ ಎಂದೇ ಅರ್ಥ. ‘ಇಲ್ಲ’ ಎಂದರೆ ಅತ್ತು ಕರೆದು ಹೌದು ಮಾಡಿಸಿಕೊಳ್ಳಬಹುದಿತ್ತು. ‘ನೋಡಾಣ’ಕ್ಕೆ ಮಾತ್ರ ದಾರಿಯಿರಲಿಲ್ಲ. ಟೀಚರಿಗೆ ಇದು ತಿಳಿಯದೆ ಅವರು ಖುಷಿಯಿಂದ ಹೋದರು. ಹೋಗುವಾಗ ತಮ್ಮ ಹಳೆಯ ಕ್ಯಾನ್ವಾಸ್ ಬೂಟುಗಳನ್ನು ನನ್ನ ಕೈಗಿತ್ತರು.

ಬೆಳಿಗ್ಗೆ ಓಡು ಎಂದು ಹೇಳುವುದು ಸುಲಭ. ದೊಡ್ಡವಳಾದ ಹುಡುಗಿ ನಸುಕಿನಲ್ಲಿ ಹೊರಗೆ ಹೋಗಲು ಒಂದು ಕಾರಣ ಬೇಕು, ಅದೂ ಚೊಂಬು ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡು. ಆದರೆ ನಮ್ಮಲ್ಲಿ ಒಂದು ತಿಂಗಳು ಮಾತ್ರ ಹೆಣ್ಣುಮಕ್ಕಳಿಗೆ ಆ ಹೊತ್ತಿನಲ್ಲಿ ಬೀದಿ ಬಿಟ್ಟುಕೊಡುತ್ತಿದ್ದರು, ಧನುರ್ಮಾಸದಲ್ಲಿ. ನಕ್ಷತ್ರ ಇರುವಾಗಲೇ ಎದ್ದು ತಣ್ಣೀರು ಮಿಂದು, ಅರಿಶಿನ ಕುಂಕುಮ ಹೂವಿನ ತಟ್ಟೆ ಹಿಡಿದು ದೇವಸ್ಥಾನಕ್ಕೆ ಹೋಗಬೇಕು. ಪೂಜೆ ಮುಗಿದ ಮೇಲೆ ಮುತ್ತುಗದೆಲೆಯಲ್ಲಿ ಬಿಸಿ ಹುಗ್ಗಿ ಕೊಡುತ್ತಿದ್ದರು. ಒಳ್ಳೆಯ ಗಂಡ ಸಿಗಲಿ ಎಂದು ಮದುವೆಯಾಗದ ಹುಡುಗಿಯರು ತಿಂಗಳು ಪೂರ್ತಿ ತಪ್ಪಿಸದೆ ಹೋಗುವುದು ವಾಡಿಕೆ. ಗಂಡ ಯಾರೆಂದು ಮೊದಲೇ ಗೊತ್ತಿದ್ದ ನಾನೂ ಹೊರಟೆ. ನನ್ನ ಭಕ್ತಿ ನೋಡಿ ಕೇರಿಯವರು ಮೆಚ್ಚಿಕೊಂಡರು.

ವರ್ಷದ ಅತಿ ಚಳಿಯ ತಿಂಗಳೇ ನನಗೆ ಸಿಕ್ಕಿದ್ದು ಹೀಗೆ. ಪಲ್ಲವಿಯ ಹಾಗೆ ನಾನೂ ಆಗ ಉಡುಪಿನ ಯೋಚನೆಯಲ್ಲಿ ಬಿದ್ದೆ. ಮೊದಲ ದಿನ ಲಂಗದಲ್ಲೇ ಓಡಿದೆ. ಇಬ್ಬನಿ ಬಿದ್ದ ಅವರೆ ಸಾಲಿನ ನಡುವೆ ಹಾದುಹೋಗುವ ಹೊತ್ತಿಗೆ ಅಂಚು ನೆನೆದು, ನೆನೆದ ಲಂಗ ಕಾಲಿಗೆ ಸುತ್ತಿಕೊಂಡು, ಮುಗ್ಗರಿಸಿ ಬಿದ್ದೆ. ಎರಡನೆಯ ದಿನ ಕಚ್ಚೆ ಹಾಕಿದೆ. ಅದು ತೋಪಿನವರೆಗೆ ನಿಂತಿತು, ಆಮೇಲೆ ನಿಲ್ಲಲಿಲ್ಲ. ಮೂರನೆಯ ದಿನ ಹಿತ್ತಿಲ ತಂತಿಯಿಂದ ಮಾವನ ಖಾಕಿ ಚಡ್ಡಿ ಎಳೆದುಕೊಂಡೆ. ಲಂಗದ ಒಳಗೆ ತೊಟ್ಟು, ಲಾಡಿಯನ್ನು ಎರಡು ಸುತ್ತು ಬಿಗಿದೆ. ಮದುವೆಗೆ ಮೊದಲೇ ಗಂಡನ ಚಡ್ಡಿ ತೊಟ್ಟ ಹೆಂಗಸು ಆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಆ ಮನುಷ್ಯನಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ಚಡ್ಡಿಯ ಲಾಡಿ ಯಾಕೆ ಇಷ್ಟು ಮುದುರುತ್ತದೆ ಎಂದು ಮಾತ್ರ ಕೇಳುತ್ತಿದ್ದ.

ಎದೆಗೆ ಅಮ್ಮನ ಹರಿದ ಸೀರೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತುತ್ತಿದ್ದೆ. ಇದನ್ನೆಲ್ಲ ಬರೆಯಬೇಕೇ ಎಂದು ಮೂಗು ಮುರಿಯುವವರು ಒಮ್ಮೆ ಸುತ್ತದೆ ಓಡಿ ನೋಡಲಿ. ಕಾಲಿಗೆ ಮೊಣಕಾಲಿನವರೆಗೆ ಹರಳೆಣ್ಣೆ. ನಮ್ಮ ಕಡೆಯ ಒಣ ಚಳಿಗೆ ಚರ್ಮ ಬಿರಿದು ಬೂದಿ ಬಳಿದ ಹಾಗಾಗುತ್ತದೆ, ಗಾಳಿ ತಾಗಿದರೆ ಉರಿ. ಎಣ್ಣೆ ಹಚ್ಚಿದರೆ ಗಾಳಿ ತಾಗುವುದಿಲ್ಲ. ಟೀಚರ ಬೂಟು ನನಗೆ ದೊಡ್ಡದು, ಮುಂದಕ್ಕೆ ಬಟ್ಟೆ ಚಿಂದಿ ತುರುಕುತ್ತಿದ್ದೆ. ಮೇಲೆ, ತಲೆಯಿಂದ ಇಳಿಬಿಟ್ಟ ಕಂಬಳಿ ಕೊಪ್ಪೆ. ಕಂಬಳಿಯನ್ನು ಹೊದ್ದೇ ಓಡಲು ಶುರು ಮಾಡಿ, ಹೊಲದ ಬದುವಿನ ತಿರುವು ಬರುವಷ್ಟರಲ್ಲಿ ಮೈ ಬೆಚ್ಚಗಾಗುತ್ತಿತ್ತು; ಅಲ್ಲಿ ಅದನ್ನು ಲಂಟಾನದ ಪೊದೆಯ ಮೇಲೆ ಎಸೆದು ಮುಂದೆ ಹೋಗುತ್ತಿದ್ದೆ. ಬೆಚ್ಚಗಾದ ಮೇಲೆ ಒಂದೊಂದೇ ಪದರ ತೆಗೆಯಬೇಕು ಎಂದು ಪಲ್ಲವಿಗೆ ಯಾರೋ ಫೋನಿನಲ್ಲಿ ಪಾಠ ಹೇಳುತ್ತಿದ್ದರು. ಅದಕ್ಕೂ ಒಬ್ಬ ಗುರು ಬೇಕಾಗಿದೆ ಇವರಿಗೆ.

ಲಂಗವನ್ನು ಬಿಚ್ಚಿಡುತ್ತಿದ್ದದ್ದು ತೋಪಿನ ಮೊದಲ ಮರದ ಪೊಟರೆಯಲ್ಲಿ. ಕೆಂಪು ಲಂಗ, ಹಳದಿ ಅಂಚು. ಮಡಿಸಿ, ಮಣ್ಣು ತಾಗದಂತೆ ಒಣ ಎಲೆಯ ಮೇಲೆ ಇಟ್ಟು, ಅದರ ಮೇಲೆ ಪೂಜೆಯ ತಟ್ಟೆ ಇಡುತ್ತಿದ್ದೆ. ಓಡಿ ಬಂದು, ಲಂಗ ತೊಟ್ಟು, ತಟ್ಟೆ ಹಿಡಿದು, ದೇವಸ್ಥಾನದಲ್ಲಿ ಕೊನೆಯ ಮಂಗಳಾರತಿಗೆ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದೆ. ಏದುಸಿರು ನೋಡಿ, ಪಾಪ, ಉಪವಾಸ ಎನ್ನುತ್ತಿದ್ದರು. ಹುಗ್ಗಿಯನ್ನು ನನಗೆ ಒಂದು ಸೌಟು ಹೆಚ್ಚೇ ಹಾಕುತ್ತಿದ್ದರು.

ಅಮ್ಮನಿಗೆ ಗೊತ್ತಾಗಿತ್ತೇ? ಅವರೆಯ ಸೊಗಡು ಗೊತ್ತಿದ್ದವರು ಈ ಪ್ರಶ್ನೆ ಕೇಳುವುದಿಲ್ಲ. ಇಬ್ಬನಿಯಲ್ಲಿ ನೆಂದ ಅವರೆ ಗಿಡಕ್ಕೆ ತಾಗಿದ ಬಟ್ಟೆ ಒಗೆದರೂ ವಾಸನೆ ಬಿಡದು. ಬೆಂಗಳೂರಿನವರು ಸೊಗಡಿನ ಅವರೆ ಎಂದು ಬುಟ್ಟಿಗೆ ಮೂಗಿಟ್ಟು ಕೊಳ್ಳುತ್ತಾರಲ್ಲ, ಆ ವಾಸನೆಯೇ. ಒಂದು ಸಂಜೆ ಬಟ್ಟೆ ಮಡಿಸುತ್ತಿದ್ದ ಅಮ್ಮ ಮಾವನ ಚಡ್ಡಿಯನ್ನು ಮೂಗಿನ ಹತ್ತಿರ ಹಿಡಿದದ್ದನ್ನು ಕಂಡೆ. ಆ ವಾರ ಮಾವ ಅವರೆ ಹೊಲದ ಕಡೆ ಹೋಗಿರಲಿಲ್ಲ, ಗಾಡಿ ಕಟ್ಟಿಕೊಂಡು ಹೊಸಕೋಟೆ ಸಂತೆಗೆ ಹೋಗಿದ್ದ. ಅಮ್ಮ ಚಡ್ಡಿಯನ್ನು ಮಡಿಸಿ ಬುಟ್ಟಿಯ ತಳಕ್ಕೆ ಇಟ್ಟಳು. ನನ್ನ ಕಡೆ ನೋಡಲಿಲ್ಲ. ಮಾರನೆಯ ದಿನ ಅದು ತಂತಿಯ ಮೇಲೆ ಇರಲಿಲ್ಲ, ಬುಟ್ಟಿಯ ತಳದಿಂದ ನಾನೇ ತೆಗೆದುಕೊಂಡೆ. ಅವಳು ಅದಕ್ಕೂ ಏನೂ ಅನ್ನಲಿಲ್ಲ. ಆಗ ಎಷ್ಟು ಸಂತೋಷಪಟ್ಟೆನೋ. ಅಮ್ಮ ನನ್ನ ಕಡೆ ಇದ್ದಾಳೆ ಎಂದುಕೊಂಡೆ.

ತಿಂಗಳು ಅರ್ಧ ಕಳೆದಿತ್ತು. ಒಂದು ಬೆಳಗಿನ ಜಾವ ಗೇಟು ಮುಟ್ಟಿ ವಾಪಸ್ಸು ಬರುತ್ತಿದ್ದೇನೆ, ತೋಪಿನಲ್ಲಿ ಬೆಳಕು. ಮರದ ಮರೆಯಲ್ಲಿ ನಿಂತು ನೋಡಿದೆ. ಮುನಿಯಮ್ಮಜ್ಜಿ ಲಾಂದ್ರ ಕೆಳಗಿಟ್ಟು ನನ್ನ ಪೊಟರೆಯ ಮುಂದೆ ಅಡ್ಡ ಬಿದ್ದಿದ್ದಾಳೆ. ಮುನಿಯಮ್ಮಜ್ಜಿ ನಮ್ಮ ಕೇರಿಯ ಹಿರಿಯಳು. ಬಾಣಂತನ, ದೃಷ್ಟಿ, ದೇವರು ಎಲ್ಲಕ್ಕೂ ಅವಳೇ. ಸೌದೆ ಆರಿಸಲು ಬಂದವಳ ಕಣ್ಣಿಗೆ ಕತ್ತಲ ಪೊಟರೆಯೊಳಗೆ ಮಡಿಸಿಟ್ಟ ಕೆಂಪು ಲಂಗ, ಅದರ ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ ಕಂಡರೆ ಅವಳು ಇನ್ನೇನೆಂದು ತಿಳಿಯಬೇಕು ಹೇಳಿ. ಧನುರ್ಮಾಸ ಬೇರೆ. ಯಾರೋ ಹುಡುಗಿ ಓಡುವುದಕ್ಕೆ ಬಿಚ್ಚಿಟ್ಟಿದ್ದಾಳೆ ಎಂದು ಹೊಳೆಯಲು ಹುಡುಗಿಯರು ಓಡುತ್ತಾರೆ ಎಂಬುದು ಮೊದಲು ಗೊತ್ತಿರಬೇಕು.

ಅವಳು ಎದ್ದು ಊರಿನ ಕಡೆ ಕೂಗುತ್ತ ಹೋದಳು, ಲಂಗವನ್ನೂ ತಟ್ಟೆಯನ್ನೂ ಮಡಿಲಲ್ಲಿ ಹಾಕಿಕೊಂಡು. ನಾನು ಬದುವಿನ ಪೊದೆಯಿಂದ ಕಂಬಳಿ ಎಳೆದು ಸೊಂಟಕ್ಕೆ ಸುತ್ತಿಕೊಂಡು, ಹೊಲದ ಹಿಂದಿನಿಂದ ಹಿತ್ತಿಲಿಗೆ ಬಂದು ಸೇರಿದೆ.

ಊರಲ್ಲಿ ಆಗಲೇ ಹೂವು ಕೇಳುವ ಸಿದ್ಧತೆ. ನಮ್ಮ ಕಡೆ ಯಾವುದು ತೀರ್ಮಾನವಾಗದಿದ್ದರೂ ದೇವಿಯ ಮೈಮೇಲೆ ಹೂವಿಟ್ಟು ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಈ ಲಂಗ ನಿನ್ನದೇನಮ್ಮ ಎಂದು ಕೇಳಿದರು. ಹೂವು ಬಲಕ್ಕೆ ಬಿತ್ತು. ಅಷ್ಟೇ, ಮುಗಿಯಿತು. ತಾಯಿ ತೋಪಿನಲ್ಲಿ ನೆಲೆಸಿದ್ದಾಳೆ, ಸಂಕ್ರಾಂತಿಯ ಹಿಂದಿನ ದಿನದವರೆಗೆ ದಿನಾ ನಸುಕಿನಲ್ಲಿ ಪೊಟರೆಗೆ ದೀಪ ಹಚ್ಚಬೇಕು, ಆ ಕೊನೆಯ ದಿನ ಊರಿನ ಒಬ್ಬ ಕನ್ನೆಗೆ ಈ ಲಂಗ ಉಡಿಸಿ ಮರದಡಿ ಕೂರಿಸಿ ಪೂಜೆ ಮಾಡಬೇಕು ಎಂದಾಯಿತು. ಆಯ್ಕೆಯ ದಿನವೂ ಅದೇ.

ಮನೆಯಲ್ಲಿ ನನಗಿದ್ದದ್ದು ಎರಡೇ ಲಂಗ, ಒಂದು ಮೈಮೇಲೆ, ಒಂದು ತಂತಿಯ ಮೇಲೆ. ಆ ಸಂಜೆ ಅಮ್ಮ ಬಟ್ಟೆ ಮಡಿಸಿದಳು. ಕೆಂಪು ಲಂಗ ಎಲ್ಲಿ ಎಂದು ಕೇಳಲಿಲ್ಲ. ಒಂದು ಸೂಜಿ ಕಾಣದಿದ್ದರೂ ಮನೆ ತಲೆಕೆಳಗು ಮಾಡುವವಳು ಕೇಳಲಿಲ್ಲ. ಗುಡಿಯಲ್ಲಿ ಅದನ್ನು ಹರಡಿ ತೋರಿಸಿದಾಗ ಅಂಚಿನ ಹತ್ತಿರದ ತೇಪೆ ಎಲ್ಲರಿಗೂ ಕಂಡಿತ್ತು, ದೇವಿಯ ಲಂಗಕ್ಕೆ ತೇಪೆ ಯಾಕೆ ಎಂದು ಯಾರಿಗೂ ಅನ್ನಿಸಲಿಲ್ಲ. ಆ ತೇಪೆ ಹಾಕಿದವಳು ಅಮ್ಮ. ಅವಳೂ ಎಲ್ಲರ ಜೊತೆ ಅದಕ್ಕೆ ಕೈಮುಗಿದಿದ್ದಳು.

ಮಾರನೆಯ ದಿನದಿಂದ ತೋಪಿನ ತುಂಬ ಜನ. ನಸುಕಿಗೇ ದೀಪ, ಊದುಬತ್ತಿ, ತಮಟೆ. ನಾನು ಓಡುವುದೆಲ್ಲಿ? ಬೇರೆ ದಾರಿಯಲ್ಲಿ ಹಾಲಿನವರು, ಗಾಡಿಯವರು. ಎರಡು ವಾರ ಎಲ್ಲರಂತೆ ಪೂಜೆಗೆ ನಡೆದೇ ಹೋಗಿ ಬಂದೆ, ರಾತ್ರಿ ಹಾಸಿಗೆಯಲ್ಲಿ ಕಾಲು ಮಡಿಸಿ ಮಲಗಿದೆ. ಸ್ಕೂಲಿನಲ್ಲಿ ಟೀಚರು, ದಿನಾ ಓಡ್ತಿದೀಯ ತಾನೆ ಎಂದು ಕೇಳಿದರೆ ಹೂಂ ಎನ್ನುತ್ತಿದ್ದೆ. ಆಯ್ಕೆಯ ದಿನ ಬೆಳಗಿನ ಬಸ್ಸಿಗೆ ಗೇಟಿನಲ್ಲಿ ಹತ್ತಿಕೋ, ದೇವನಹಳ್ಳಿಯಿಂದ ಅದರಲ್ಲೇ ಬರುತ್ತೇನೆ, ಕಿಟಕಿ ಪಕ್ಕ ಕೂತಿರ್ತೀನಿ ಎಂದು ಅವರು ಹೇಳಿದ್ದರು.

ಕನ್ನೆ ಯಾರಾಗಬೇಕು ಎಂದು ಮತ್ತೆ ಹೂವು ಕೇಳುವ ದಿನ ಬಂತು. ಹೆಂಗಸರ ಗುಂಪಿನಿಂದ ಅಮ್ಮ ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನಮ್ ಹುಡುಗೀನ ಕೇಳ್ ನೋಡಿ,” ಎಂದಳು. “ತಿಂಗಳೆಲ್ಲಾ ಒಂದ್ ದಿನಾನೂ ತಪ್ಪಿಸ್ದಂಗೆ ಪೂಜೆಗ್ ಬಂದವ್ಳೆ.”

ಹೂವು ಬಲಕ್ಕೆ ಬಿತ್ತು.

ಆ ರಾತ್ರಿ ಒಲೆಯ ಮುಂದೆ ಅವಳನ್ನು ಹಿಡಿದುಕೊಂಡೆ. “ಅಮ್ಮಾ, ಅವತ್ತು ನಾನು ಬೆಂಗಳೂರಿಗೆ ಹೋಗ್ಬೇಕು. ನಿಂಗೆ ಗೊತ್ತು. ಎಲ್ಲಾ ಗೊತ್ತು ನಿಂಗೆ.”

“ಏನ್ ಗೊತ್ತು ನಂಗೆ?” ಎಂದಳು ಅವಳು, ಮುದ್ದೆ ತೊಳಸುತ್ತ. “ಗಂಡಸಿಲ್ದಿರೋ ಮನೆ ಹುಡುಗಿ ಕತ್ಲಲ್ಲಿ ತೋಪಿಗೋಗಿ ಲಂಗ ಬಿಚ್ಚಿಟ್ಟಿದ್ಲು ಅಂತ ಊರ್ಗೆಲ್ಲಾ ಹೇಳ್ಬೇಕಾ? ಆಮ್ಯಾಕೆ ನಿನ್ನ ಯಾರ್ ಮುಟ್ತಾರೆ? ನನ್ ತಮ್ಮಾನೂ ಮುಟ್ಟಲ್ಲ. ದೇವ್ರು ಇಸ್ಕೊಂಡ್ಳು, ಬಚಾವಾದೆ ಅನ್ಕೊ. ಬಾಯ್ ಮುಚ್ಕೊಂಡು ಕೂತ್ಕೊ ಒಂದ್ ದಿನ.”

ಇದರಲ್ಲಿ ನನ್ನ ಮಾನ ಎಷ್ಟು, ತಮ್ಮನ ನೇಗಿಲು ಎಷ್ಟು ಎಂದು ಬೇರೆ ಬೇರೆ ಮಾಡಲು ನನಗೆ ಆಗಲೂ ಆಗಲಿಲ್ಲ, ಇಂದಿಗೂ ಆಗಿಲ್ಲ. ಅವಳಿಗೂ ಆಗುತ್ತಿರಲಿಲ್ಲವೇನೋ. ಆದರೆ ಅವಳ ಮೇಲೆ ನನಗೆ ಬಂದ ಸಿಟ್ಟು ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟಿರಬಾರದು ಎನ್ನುತ್ತಾರೆ. ಇದೆ, ಏನು ಮಾಡಲಿ.

ಆ ಬೆಳಿಗ್ಗೆ ತಣ್ಣೀರಿನಲ್ಲಿ ಮೀಯಿಸಿ, ಮುಖಕ್ಕೂ ಕೈಕಾಲಿಗೂ ದಪ್ಪಗೆ ಅರಿಶಿನ ಬಳಿದು, ಕೂದಲು ಬಿಚ್ಚಿ, ಹಣೆ ತುಂಬ ಕುಂಕುಮ ಇಟ್ಟು, ಕೊರಳಿಗೆ ಬೇವಿನ ಸರ ಹಾಕಿ ಕರೆದುಕೊಂಡು ಹೋದರು. ಲಂಗ ಉಡಿಸಿದವಳು ಅಮ್ಮ. ಲಾಡಿಯನ್ನು ಎರಡು ಗಂಟು ಬಿಗಿದಳು. ಮುನಿಯಮ್ಮಜ್ಜಿ ದೂರ ನಿಂತು ನೋಡಿ, “ಅಳತೆ ತಗೊಂಡು ಹೊಲ್ಸಿದಂಗೈತೆ ಕಣ್ರಮ್ಮಾ. ಎಂಥಾ ಮಹಿಮೆ,” ಎಂದು ಕಣ್ಣೊರೆಸಿಕೊಂಡಳು. ಮರದಡಿ ಮಣೆಯ ಮೇಲೆ ಕೂತೆ. ಮಂಜು ಇನ್ನೂ ಕರಗಿರಲಿಲ್ಲ. ಒದ್ದೆ ಅರಿಶಿನ ಮೈಮೇಲೆ ಆರುತ್ತ ಚಳಿ ಎಲುಬಿಗೆ ಇಳಿಯುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಪಾದಕ್ಕೆ ನೀರೆರೆದು, ಹೂವಿಟ್ಟು, ಹಣೆ ತಾಗಿಸಿ ಹೋದರು. ಓಡುವ ಕಾಲಿಗೆ ನಮ್ಮೂರಿನಲ್ಲಿ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಕಾಲನ್ನು ಅಲ್ಲಾಡಿಸಬಾರದು ಎಂಬುದೊಂದೇ ನಿಯಮ.

ಬಿಸಿಲು ಮರದ ತುದಿಗೆ ಬಂತು. ಬಸ್ಸಿನ ಹೊತ್ತಾಯಿತು. ಕಾಲ ಮೇಲಿನ ಹೂವನ್ನು ಕೊಡವಿ ಎದ್ದು ನಿಂತೆ.

“ಇದು ನನ್ನ ಲಂಗ,” ಎಂದೆ. ಗಟ್ಟಿಯಾಗೇ ಹೇಳಿದೆ. “ದೇವರದಲ್ಲ, ನಂದು. ನಾನೇ ಇಲ್ಲಿ ಬಿಚ್ಚಿಟ್ಟಿದ್ದೆ, ಓಡೋದಕ್ಕೆ. ದಿನಾ ಇಲ್ಲಿಂದ ಗೇಟಿನ ತನಕ ಓಡ್ತಿದ್ದೆ. ಬೇಕಾದ್ರೆ ನಮ್ಮಮ್ಮನ್ನ ಕೇಳಿ.”

ಮುನಿಯಮ್ಮಜ್ಜಿ ಎರಡೂ ಕೈ ತಲೆಯ ಮೇಲೆತ್ತಿ, “ಬಂದ್ಳು, ತಾಯಿ ಮೈಮ್ಯಾಲೆ ಬಂದ್ಳು,” ಎಂದಳು. ತಮಟೆ ಶುರುವಾಯಿತು. ನಾನು, ಅಲ್ಲ, ನಾನು ಜಯಾ, ನಿಮ್ಮ ಜಯಾ ಎಂದು ಅರಚಿದೆ. ಅರಚಿದಷ್ಟೂ ಅವರು ಹೆಚ್ಚು ಹೆಚ್ಚು ಅಡ್ಡ ಬಿದ್ದರು. ಯಾರೋ ನಿಂಬೆಹಣ್ಣು ನಿವಾಳಿಸಿದರು. ಅಮ್ಮನ ಕಡೆ ನೋಡಿದೆ. ಅವಳು ಕೈಮುಗಿದು ತಲೆ ಬಗ್ಗಿಸಿ ನಿಂತಿದ್ದಳು.

ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಹಿಡಿಯುತ್ತಾರೆ ಎಂದುಕೊಂಡಿದ್ದೆ, ಹಿಡಿಯಲು ಯಾರಿಗೂ ಧೈರ್ಯವಿರಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಸರಿದು ಕೈಮುಗಿದರು. ಕಂಬಳಿಯಿಲ್ಲ, ಬೂಟಿಲ್ಲ, ಹರಳೆಣ್ಣೆಯಿಲ್ಲ. ಬರಿಗಾಲಿಗೆ ಇಬ್ಬನಿ, ಕಲ್ಲು, ಕೊಯ್ದ ರಾಗಿಯ ಕೂಳೆ. ಹಿಂದೆ ತಮಟೆ ಬರುತ್ತಿತ್ತು, ಬರಬರುತ್ತ ದೂರವಾಯಿತು. ಎರಡು ವಾರ ಮಡಿಸಿಟ್ಟಿದ್ದ ಕಾಲು ಅಷ್ಟು ಹಗುರಾಗಿ ಹೇಗೆ ಎದ್ದಿತೋ ತಿಳಿಯದು. ಹಾಗೆ ನಾನು ಮೊದಲೂ ಓಡಿರಲಿಲ್ಲ, ಆಮೇಲೂ ಓಡಲಿಲ್ಲ.

ಗೇಟಿಗೆ ಬಂದಾಗ ಬಸ್ಸು ನಿಂತಿತ್ತು. ಕೈ ಚಾಚಿಕೊಂಡು ಬಾಗಿಲಿನ ಹತ್ತಿರ ಹೋದೆ. ಉಸಿರು ಎಷ್ಟು ಹತ್ತಿತ್ತೆಂದರೆ ಮಾತೇ ಹೊರಡಲಿಲ್ಲ. ಕಂಡಕ್ಟರು ನನ್ನನ್ನು ನೋಡಿ, ನನ್ನ ಹಿಂದೆ ದೂರದಲ್ಲಿ ಬರುತ್ತಿದ್ದ ತಮಟೆ ಜನರನ್ನು ನೋಡಿ, ಮೆಟ್ಟಿಲ ಮೇಲೆ ಹಿಂದಕ್ಕೆ ಸರಿದು ಕೈಮುಗಿದ. ಒಳಗಿನವರು ಒಬ್ಬರ ಮೇಲೊಬ್ಬರು ಬಿದ್ದು ಕಿಟಕಿಗೆ ಬಂದರು. ಚಿಲ್ಲರೆ ಕಾಸು ನನ್ನ ಕಾಲ ಹತ್ತಿರ ಬಿದ್ದವು. ಸುಶೀಲಾ ಟೀಚರು ಹೇಳಿದ್ದ ಹಾಗೆ ಕಿಟಕಿಯ ಪಕ್ಕವೇ ಕೂತಿದ್ದರು. ನನ್ನನ್ನು ನೇರವಾಗಿ ನೋಡಿದರು. ಅರಿಶಿನದಲ್ಲಿ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಹೆದರಿದರೋ, ನನಗೆ ಗೊತ್ತಿಲ್ಲ. ಅವರೂ ಕೈಮುಗಿದರು. ಆಮೇಲೆ ಕುತ್ತಿಗೆ ಚಾಚಿ ನನ್ನ ಹಿಂದಿನ ದಾರಿಯನ್ನು ನೋಡಿದರು, ಇನ್ನೂ ಯಾರೋ ಬರಬೇಕಾದವರು ಬರುತ್ತಿದ್ದಾರೇನೋ ಎಂಬಂತೆ. ಕಂಡಕ್ಟರು ರೈಟ್ ಎಂದ. ಬಸ್ಸು ಹೋಯಿತು.

ನಾನು ರಸ್ತೆಯ ಪಕ್ಕದಲ್ಲಿ ಕೂತುಬಿಟ್ಟೆ. ಜನ ಬಂದು ದೂರದಲ್ಲೇ ನಿಂತರು, ಹತ್ತಿರ ಬರಲು ಅವರಿಗೆ ಭಯ. ಅವರ ನಡುವೆ ದಾರಿ ಮಾಡಿಕೊಂಡು ಅಮ್ಮ ಒಬ್ಬಳೇ ಬಂದಳು. ನನ್ನ ತೋಳು ಹಿಡಿದು ಎಬ್ಬಿಸಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಲಂಗವನ್ನು ಎಳೆದು ಪಾದ ಮುಚ್ಚುವ ಹಾಗೆ ಇಳಿಬಿಟ್ಟಳು. ಬಗ್ಗಿ ಅದರ ನೆರಿಗೆ ಸರಿಮಾಡುತ್ತ, ಯಾರಿಗೂ ಕೇಳದಂತೆ ಹೇಳಿದಳು.

“ಚೆಂದಾಗ್ ಓಡ್ದೆ ಕಣೆ. ಇಷ್ಟ್ ಚೆಂದಾಗ್ ಓಡ್ತೀಯ ಅಂತ ನಂಗೊತ್ತಿರ್ಲಿಲ್ಲ. ನಡಿ ಈಗ, ಜನ ಕಾಯ್ತಾವ್ರೆ.”

ಆ ದಿನ ಓಡಿದ್ದು ನಾನು ಎಂದು ಗೊತ್ತಿದ್ದವಳು ಇಡೀ ಊರಿನಲ್ಲಿ ಅವಳೊಬ್ಬಳೇ. ಮಾಘದಲ್ಲಿ ಮದುವೆ ಮಾಡಿದಳು.